ಘರಪಟ್ಟಿ ತಪ್ಪಿಸಲು ಹೊಳೆ ದಾಟಿದ್ದು

"ಇನ್ನು ಮುಂದೆ ಈ ವಿಘ್ನೇಶ್ವರ ಮಾಸ್ತರ ಮುನ್ಸಿಪಾಲಿಟಿಗೆ ಒಂದೇ ಒಂದು ನಯಾ ಪೈಸೆಯನ್ನೂ ಕೊಡುವುದಿಲ್ಲ!"

ಸಾವಿರದ ಒಂಬೈನೂರ ಅರವತ್ತೊಂದನೇ ಇಸವಿಯ ಯುಗಾದಿಯ ಮರುದಿನ ನಾನು ಹೀಗೆಂದು ಘೋಷಿಸಿದೆ. ಘೋಷಣೆ ಆದದ್ದು ಅಡಿಗೆಮನೆಯಲ್ಲಿ. ಸಭೆಯಲ್ಲಿ ಹಾಜರಿದ್ದವರು ಇಬ್ಬರು. ಒಬ್ಬಳು ತೆಂಗಿನಕಾಯಿ ತುರಿಯುತ್ತಿದ್ದ ನನ್ನ ಹೆಂಡತಿ ಸುಮತಿ. ಇನ್ನೊಬ್ಬಳು ಗೋಡೆಯಾಚೆ ಮೆಲುಕು ಹಾಕುತ್ತಿದ್ದ ನಮ್ಮ ಹಸು ಕೆಂಪಿ. ಇಬ್ಬರೂ ತಮ್ಮ ಕೆಲಸ ನಿಲ್ಲಿಸಲಿಲ್ಲ.

ಆಗ ನಾನು ಹೊನ್ನಾವರದ ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ತರ. ವಾಸ ಪೇಟೆಯಲ್ಲಿ, ಒಂದು ಕೊಬ್ಬರಿ ಗೋದಾಮಿನ ಬೆನ್ನಿಗೆ ಅಂಟಿಕೊಂಡ ಬಾಡಿಗೆ ಮನೆ. ಬಾಡಿಗೆ ತಿಂಗಳಿಗೆ ಹದಿನೈದು ರೂಪಾಯಿ. ಅದನ್ನು ಕೊಡಲು ನನಗೆ ಬೇಸರವಿರಲಿಲ್ಲ. ಬೇಸರ ಇದ್ದದ್ದು ಅದರ ಬಾಲಕ್ಕೆ! ಮನೆಯ ಯಜಮಾನರು ತಮ್ಮ ಮೇಲೆ ಬಿದ್ದ ಕರಗಳನ್ನೆಲ್ಲ ಬಾಡಿಗೆಯ ಕೆಳಗೆ ಒಂದೊಂದಾಗಿ ಬರೆದು ನನ್ನ ಕೈಗೆ ಕೊಡುತ್ತಿದ್ದರು. ಮನೆ ಇದ್ದದ್ದಕ್ಕೆ ಘರಪಟ್ಟಿ, ನೀರು ಕುಡಿದದ್ದಕ್ಕೆ ನೀರುಪಟ್ಟಿ, ಬೀದಿಯಲ್ಲಿ ಕಂದೀಲು ಉರಿದದ್ದಕ್ಕೆ ದೀಪಪಟ್ಟಿ, ಓಣಿ ಗುಡಿಸಿದ್ದಕ್ಕೆ ಝಾಡುಪಟ್ಟಿ. ಇಷ್ಟು ಪಟ್ಟಿಗಳನ್ನು ಗಾಯಕ್ಕೆ ಕಟ್ಟಿದ್ದರೆ ಯಾವ ಗಾಯವೂ ವಾಸಿಯಾಗುತ್ತಿತ್ತು.

ಹೀಗಿರುವಾಗ ಶರಾವತಿ ಹೊಳೆಯ ಆಚೆ ದಡದಲ್ಲಿ, ಸಮುದ್ರದ ಬದಿಯ ಗಾಳಿಮರಗಳ ನಡುವೆ ಒಂದು ಮನೆ ಮಾರಾಟಕ್ಕಿದೆ ಎಂಬ ಸುದ್ದಿ ಬಂತು. ಆ ಕಾಲಕ್ಕೆ ಮುಂಬಯಿಯ ಅನುಕೂಲಸ್ಥರು ನಮ್ಮ ಕಡೆಯ ಸಮುದ್ರದ ಗಾಳಿಗೆ ಮೇ ತಿಂಗಳಲ್ಲಿ ಬಂದು, ಹದಿನೈದು ದಿನ ಮಾವಿನಹಣ್ಣು ತಿಂದು, ಮೈ ಕೆಂಪಗೆ ಮಾಡಿಕೊಂಡು ಹೋಗುವ ರೂಢಿ ಇತ್ತು. ಇದಕ್ಕೆ 'ಹವಾಪಾಲಟು' ಎಂದು ಹೆಸರು. ಅಂಥ ಒಬ್ಬ ಸಾವಕಾರರು ಹವಾಪಾಲಟಿಗೆಂದೇ ಕಟ್ಟಿಸಿದ ಪುಟ್ಟ ಹೆಂಚಿನ ಮನೆ ಅದು. ಅವರ ಹೆಂಡತಿ ಎರಡೇ ಬೇಸಿಗೆಗೆ "ಇಲ್ಲಿ ಗಾಳಿ ಬಿಟ್ಟರೆ ಬೇರೇನೂ ಇಲ್ಲ" ಎಂದು ಕಂಡುಹಿಡಿದದ್ದರಿಂದ ಅರ್ಧ ಬೆಲೆಗೆ ಕೊಡಲು ಸಿದ್ಧರಿದ್ದರು. ಎಲ್ಲಕ್ಕಿಂತ ಮುಖ್ಯ, ಅದು ಮುನ್ಸಿಪಾಲಿಟಿಯ ಹದ್ದಿನಲ್ಲಿ ಇರಲಿಲ್ಲ! ಪಂಚಾಯತಿಗೆ ಸೇರಿದ್ದು. ವರ್ಷಕ್ಕೆ ಒಂದೂವರೆ ರೂಪಾಯಿ ಕೊಟ್ಟರೆ ಪಂಚಾಯತಿಯವರು ಕೈಮುಗಿದು ಹೋಗುತ್ತಾರೆ ಎಂದು ಕೇಳಿದ್ದೆ.

ನಾನು ಉತ್ತರಪತ್ರಿಕೆಯ ಖಾಲಿ ಹಾಳೆ ಹರಿದು ಎಡಗಡೆ 'ಪೇಟೆ', ಬಲಗಡೆ 'ಹೊಳೆಯಾಚೆ' ಎಂದು ಬರೆದು ಇಪ್ಪತ್ತು ವರ್ಷಕ್ಕೆ ಆಗುವ ಉಳಿತಾಯದ ಲೆಕ್ಕ ತೆಗೆದೆ. ಹಾಳೆಯನ್ನು ಸುಮತಿಯ ಮುಂದೆ ಹಿಡಿದೆ.

"ನೀರಿಗೆ ಎಂತ ಮಾಡ್ತ್ರಿ?" ಎಂದು ಕೇಳಿದಳು.

"ಬಾವಿ ಇದ್ದು."

"ದೀಪ?"

"ಚಂದ್ರ ಇದ್ದ."

"ಅಮಾಸೆಗೆ?"

"ಅಮಾಸೆಗೆ ಮಲಗದು! ಎಂತಕ್ಕೆ ಓಡಾಡವು?"

"ಹೊಳೆ ದಾಟಲೆ ತಾರಿಗೆ ದುಡ್ಡು ಕೊಡವು ಅಲ್ದ? ಅದು ಯಾವ ಬದಿಗೆ ಬರದ್ರಿ?"

ಅದನ್ನು ಯಾವ ಬದಿಗೂ ಬರೆದಿರಲಿಲ್ಲ. ಬಾಯಿಲೆಕ್ಕ ಮಾಡಿ ನೋಡಿದೆ. ದಿನಕ್ಕೆ ಎರಡು ಸಲ ದೋಣಿಯಲ್ಲಿ ದಾಟಲು ಕೊಡುವ ತಾರಿ ಹಣ, ವರ್ಷಕ್ಕೆ ಹಿಡಿದರೆ ನಾಲ್ಕೂ ಪಟ್ಟಿಗಳನ್ನು ಕೂಡಿಸಿದ್ದಕ್ಕಿಂತ ಹೆಚ್ಚಾಗುತ್ತಿತ್ತು. ಲೆಕ್ಕದ ಮಾಸ್ತರ ಹೆಂಡತಿಯ ಮುಂದೆ ಲೆಕ್ಕ ತಪ್ಪುವುದುಂಟೆ? "ಅದು ಕರ ಅಲ್ಲ, ಪ್ರಯಾಣದ ವೆಚ್ಚ. ಬೇರೆ ಅಧ್ಯಾಯ" ಎಂದು ಹಾಳೆ ಮಡಚಿದೆ.

ಸುಮತಿ ಒಳಗೆ ಹೋಗಿ ಕೈಯ ನಾಲ್ಕು ಚಿನ್ನದ ಪಾಟ್ಲಿ ಬಳೆಗಳನ್ನು ಬಿಚ್ಚಿ ತಂದು ನನ್ನ ಮುಂದಿಟ್ಟಳು. ತವರಿನವರು ಹಾಕಿದ ಬಳೆ ಅವು.

"ಈ ಮನೇಲಿ ಒಂಬತ್ತು ವರ್ಷ ಆತು. ಸಮುದ್ರದ ಶಬ್ದ ದಿನಾ ಕೇಳ್ತು, ಕಣ್ಣಿಗೆ ಕಾಂಬುದು ಗೋದಾಮಿನ ಗೋಡೆ. ನಿಮ್ಮ ಪಟ್ಟಿ ಗಿಟ್ಟಿ ನಂಗೆ ಬ್ಯಾಡ. ನಂಗೊಂದು ಸ್ವಂತ ಮನೆ ಬೇಕು. ಆದರೆ ಒಂದು ಮಾತು. ನಮ್ಮ ಕೆಂಪಿ ಕರುವಿನ ಒಟ್ಟಿಗೆ ಮೊದಲು ಒಳಗೆ ಹೋಗವು. ಯಾರದ್ದೋ ಹಸು ಕರ್ಕಂಡು ಬಂದು ಶಾಸ್ತ್ರ ಮಾಡಿದ್ರೆ ಆನು ಹೊಸ್ಲು ದಾಟದಿಲ್ಲೆ."

ಹೊಸ ಮನೆಗೆ ಯಜಮಾನನಿಗಿಂತ ಮೊದಲು ಹಸುಕರು ಕಾಲಿಡಬೇಕಾದದ್ದು ಎಲ್ಲರಿಗೂ ಗೊತ್ತಿರುವ ಪದ್ಧತಿ. "ಇಷ್ಟೇಯಾ?" ಎಂದೆ ನಾನು. ಬಳೆಗಳಿಲ್ಲದ ಅವಳ ಕೈ ನೋಡಲು ನನಗೆ ಆಗಲಿಲ್ಲ. ಅದಕ್ಕೇ ಇನ್ನಷ್ಟು ಜೋರಾಗಿ ಮಾತಾಡಿದೆನೋ ಏನೋ!

ವೈಶಾಖದಲ್ಲಿ ಮುಹೂರ್ತ ಸಿಕ್ಕಿತು. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷದಿಂದ ಒಂಬತ್ತು ನಲವತ್ತಾರರ ತನಕ. ಪುರೋಹಿತ ಮಹಾಗಣಪತಿ ಭಟ್ಟರು "ಇದು ತಪ್ಪಿದ್ರೆ ಮತ್ತೆ ದೀಪಾವಳಿ ಕಳದ ಮೇಲೇಯಾ" ಎಂದು ಬೆರಳೆತ್ತಿ ಹೇಳಿದರು. ತಪ್ಪುವ ಮಾತೆಲ್ಲಿ? ನಾನು ಅರ್ಧ ತಿಂಗಳ ಬಾಡಿಗೆ ಉಳಿಸಲೆಂದು ಹಿಂದಿನ ದಿನವೇ ಸಾಮಾನನ್ನೆಲ್ಲ ಹೊಳೆಯಾಚೆಯ ಜಗುಲಿಗೆ ಸಾಗಿಸಿ ಹಳೇ ಮನೆಯ ಕೀಲಿಕೈ ಯಜಮಾನರಿಗೆ ಒಪ್ಪಿಸಿಬಿಟ್ಟೆ. ಅವರು ಆ ಮನೆಯನ್ನು ಅರಣ್ಯ ಖಾತೆಯ ಒಬ್ಬ ಗುಮಾಸ್ತರಿಗೆ ಅವತ್ತೇ ಕೊಟ್ಟರು. ಹೀಗಾಗಿ ರಾತ್ರಿ ಶಾಲೆಯ ಜಗುಲಿಯಲ್ಲಿ ಮಲಗಿದೆವು, ಮುಹೂರ್ತದ ಬೆಳಿಗ್ಗೆ ನಮಗೆ ಈ ದಡದಲ್ಲಿ ಮನೆ ಇರಲಿಲ್ಲ. ಆ ದಡದ ಮನೆಗೆ ಹಸು ಹೋಗದೆ ನಾವು ಹೋಗುವಂತಿರಲಿಲ್ಲ.

ತಾರಿಯ ಕಟ್ಟೆಯ ಪಕ್ಕದಲ್ಲೇ ಜಕಾತಿ ನಾಕೆ. ಪೇಟೆಯ ಒಳಗೆ ಬರುವ ಸಾಮಾನಿಗೆ, ದನಕರುಗಳಿಗೆ ಸುಂಕ ವಸೂಲು ಮಾಡುವ ಜಾಗ. ಕೆಂಪುಕಲ್ಲಿನ ಒಂದು ಕೋಣೆ, ಅಗಲವಾದ ಬಾಗಿಲು, ಒಳಗೊಂದು ಮೇಜು, ತಕ್ಕಡಿ. ಅಲ್ಲಿನ ಕಾರಕೂನ ಬೊಮ್ಮಯ್ಯ ನನ್ನ ಹಳೇ ವಿದ್ಯಾರ್ಥಿ. ಲೆಕ್ಕದಲ್ಲಿ ಎರಡು ಸಲ ನಪಾಸಾದವನು.

"ಮಾಸ್ತರ್ರೆ, ಹಸ ಆಚೆಗೆ ಹೋತದೆ ಅಲ್ವಾ? ಒಂದು ವಾಪಸು ಪಾಸು ತಕಳ್ಳಿ. ಐದೇ ಪೈಸೆ. ತಿರುಗಿ ಪೇಟೆಗೆ ಬಂದ್ರೆ ಜಕಾತಿ ಬೀಳೂದಿಲ್ಲ" ಎಂದ.

ನಾನು ಬುಟ್ಟಿಯಲ್ಲಿದ್ದ ಕಲಶಕ್ಕೂ ಕೇಳುವ ಹಾಗೆ ನಕ್ಕೆ. "ಬೊಮ್ಮಯ್ಯ, ತಿರುಗಿ ಬರುವವರಿಗಲ್ಲವೋ ವಾಪಸು ಪಾಸು! ನಾವು ನಿನ್ನ ಹದ್ದು ಬಿಟ್ಟು ಹೊರಟವರು. ನನ್ನದೂ ನನ್ನ ಹಸುವಿನದೂ ಇವತ್ತಿನಿಂದ ಮುನ್ಸಿಪಾಲಿಟಿಗೆ ಕೊನೆಯ ನಮಸ್ಕಾರ!"

"ಆತು ಮಾಸ್ತರ್ರೆ" ಎಂದು ಅವನು ಪಾಸಿನ ಪುಸ್ತಕ ಮುಚ್ಚಿದ.

ತಾರಿಯ ಮಾಬ್ಲ ಮೂವತ್ತು ವರ್ಷ ಆ ಹೊಳೆಯ ಮೇಲೆ ಹುಟ್ಟು ಹಾಕಿದವನು. ದನಗಳಿಗೆ, ಗಾಡಿಗಳಿಗೆ ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ ಇತ್ತು. ಜನರಿಗೆ ಅವನ ಆಳು ನಡೆಸುವ ಸಣ್ಣ ದೋಣಿ. ಕೆಂಪಿ ಹಲಗೆಯ ವಾಸನೆ ನೋಡಿ ನಾಲ್ಕೂ ಕಾಲು ಊರಿ ನಿಂತಳು. ಹಿಂದಿನಿಂದ ನಾನು ನೂಕಿದೆ, ಮುಂದಿನಿಂದ ಭಟ್ಟರು ಬಾಳೆಹಣ್ಣು ತೋರಿಸಿದರು. ಬಾಳೆಹಣ್ಣು ಹೋಯಿತು, ಹಸು ಅಲ್ಲೇ ಉಳಿಯಿತು.

ಮಾಬ್ಲ ಹೇಳಿದ, "ಹೆದರ್ಬೇಡಿ ಮಾಸ್ತರ್ರೆ. ಕರು ಮುಂದೆ ಹೋದ್ರೆ ತಾಯಿ ಹಿಂದೆ ತನ್ನಿಂದ ತಾನೇ ಬತ್ತದೆ. ಅಮ್ಮನೋರು ಕರು ಹಿಡ್ಕಂಡು ಸಣ್ಣ ದೋಣಿಯಲ್ಲಿ ಹೋಗ್ಲಿ."

ನಮ್ಮ ಕಡೆ ಹುಟ್ಟಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ನನಗೂ ಅದು ಪ್ರಮೇಯದಷ್ಟೇ ಖಚಿತವಾಗಿ ಕಂಡಿತು. ಸುಮತಿ ಕರುವನ್ನು ತಬ್ಬಿ, ಕಲಶದ ಬುಟ್ಟಿ, ದುಡ್ಡಿನ ಗಂಟು, ಹೊಸ ಮನೆಯ ಕೀಲಿಕೈ ಎಲ್ಲ ತೆಗೆದುಕೊಂಡು ಹೊರಟಳು. ದೋಣಿ ನಡುಹೊಳೆ ಮುಟ್ಟಿದಾಗ ಕರು "ಅಂಬಾ" ಎಂದಿತು. ನಿಜವಾಗಿ, ಕೆಂಪಿ ತನ್ನಿಂದ ತಾನೇ ಹಲಗೆ ಹತ್ತಿದಳು! ನಾನು ನಾಕೆಯ ಬಾಗಿಲಲ್ಲಿ ನಿಂತಿದ್ದ ಬೊಮ್ಮಯ್ಯನ ಕಡೆ ಗೆದ್ದವನ ಹಾಗೆ ನೋಡಿದೆ. ಗಂಟೆ ಎಂಟೂ ಐವತ್ತು.

ಜಂಗಲ್ ದಡ ಬಿಟ್ಟು ಹತ್ತು ಮಾರು ಹೋಗಿರಬೇಕು. ಮಹಾಗಣಪತಿ ಭಟ್ಟರಿಗೆ ಒಳ್ಳೆಯ ಶಕುನದ ನೆನಪಾಯಿತು. ಚೀಲದಿಂದ ಶಂಖ ತೆಗೆದು, ಕೆಂಪಿಯ ಕಿವಿಯ ಪಕ್ಕದಲ್ಲಿ, ಎದೆಯ ಉಸಿರನ್ನೆಲ್ಲ ಸೇರಿಸಿ ಊದಿದರು.

ಕೆಂಪಿ ಹೊಳೆಗೆ ಹಾರಿದಳು!

ಹಸು ಎಷ್ಟು ಚೆನ್ನಾಗಿ ಈಜುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಮೂಗು ಮೇಲೆತ್ತಿ, ನೇರವಾಗಿ, ಹೊರಟ ದಡಕ್ಕೇ ಈಜಿ ಹತ್ತಿ ಮೈ ಕೊಡವಿದಳು. ನಾವು ಜಂಗಲ್ ತಿರುಗಿಸಿಕೊಂಡು ಬರುವಷ್ಟರಲ್ಲಿ ಬೊಮ್ಮಯ್ಯ ಅವಳ ಹಗ್ಗ ಹಿಡಿದು ನಿಂತಿದ್ದ. ಇನ್ನೊಂದು ಕೈಯಲ್ಲಿ ಪಾವತಿ ಪುಸ್ತಕ.

"ಮಾಸ್ತರ್ರೆ, ಹಸ ಒಂದು. ಹೊಳೆ ಕಡೆಯಿಂದ ಪೇಟೆಯ ಹದ್ದಿಗೆ ಬಂದದ್ದು. ಜಕಾತಿ ಐವತ್ತು ಪೈಸೆ."

"ಬೊಮ್ಮಯ್ಯ! ಇದು ಇಲ್ಲಿಂದಲೇ ಹೋದ ಹಸುವೋ! ನಿನ್ನ ಕಣ್ಣೆದುರಿಗೇ ಹೋಯಿತು!"

"ಹೋದದ್ದು ನೋಡಿದೆ. ಅದಕ್ಕೇ ಬಂದದ್ದೂ ನೋಡಿದೆ. ನೀವೇ ಹೇಳಿದ್ರಿ ಅಲ್ವಾ, ಹದ್ದು ಬಿಟ್ಟೆವು ಅಂತ?"

ವಾದ ಮಾಡಲು ಸಮಯವೆಲ್ಲಿತ್ತು? "ಬರೆದಿಡು, ಕೊಡುತ್ತೇನೆ" ಎಂದು ಕೆಂಪಿಯನ್ನು ಎರಡನೇ ಸಲ ಹತ್ತಿಸಿದೆವು. ಈ ಸಲ ಭಟ್ಟರ ಶಂಖವನ್ನು ಮಾಬ್ಲ ತನ್ನ ಕಾಲಡಿ ಇಟ್ಟುಕೊಂಡ. ಎಲ್ಲ ಸರಿಯಾಗಿತ್ತು. ಇಪ್ಪತ್ತು ಮಾರು ದಾಟಿದೆವು. ಗಂಟೆ ಒಂಬತ್ತೂ ಹನ್ನೆರಡು. ಆಚೆ ದಡದಲ್ಲಿ ಸುಮತಿಯ ಹಸಿರು ಸೀರೆ ಕಾಣಿಸುತ್ತಿತ್ತು. ನೆತ್ತಿ ಸುಡುತ್ತಿತ್ತು. ನಾನು ಛತ್ರಿ ಬಿಚ್ಚಿದೆ. ಬಿಚ್ಚಿದ್ದಷ್ಟೇ ಗೊತ್ತು! 'ಫಟ್' ಎಂದು ಕರಿಯ ಛತ್ರಿ ಅರಳಿದ್ದೇ ತಡ, ಕೆಂಪಿ ಮತ್ತೆ ನೀರಲ್ಲಿ.

ಗಡಿಬಿಡಿಯಲ್ಲಿ ಅಜ್ಜಿ ಮದುವೆ ಎನ್ನುತ್ತಾರಲ್ಲ, ಹಾಗಾಯಿತು. ತಿರುಗಿ ದಡಕ್ಕೆ ಬಂದಾಗ ಬೊಮ್ಮಯ್ಯ ಎರಡನೇ ಪಾವತಿ ಹರಿದು ಊದಿ ಒಣಗಿಸುತ್ತಿದ್ದ. ಈಗ ಹೊಳೆಗೂ ಇಳಿತ ಶುರುವಾಗಿತ್ತು. ಜಂಗಲಿನ ತಳ ಮರಳಿಗೆ ತಾಗಿ 'ಕರ್' ಎಂದಿತು. ಮಾಬ್ಲ ಸೊಂಟದ ಮೇಲೆ ಕೈಯಿಟ್ಟು, "ಮುಗೀತು ಮಾಸ್ತರ್ರೆ. ಇನ್ನು ಭರತ ಬಂದು ನೀರು ಏರಿದ ಮೇಲೇ ಇದು ಏಳೂದು. ಮಧ್ಯಾಹ್ನ ಮೂರು ಗಂಟೆ ಆತದೆ" ಎಂದ.

"ಆಚೆಯ ಸಣ್ಣ ದೋಣಿ ಕರೆಸಿ ಹಸು ಹಾಕಲಾಗದಾ?"

"ಹಸ ಹಾಕಬಹುದು. ದೋಣಿ ಉಳೀಬೇಕಲ್ಲ!"

ಜಕಾತಿ ಒಂದು ರೂಪಾಯಿ ಆಗಿತ್ತು. ಕಿಸೆಗೆ ಕೈ ಹಾಕಿದೆ. ದುಡ್ಡಿನ ಗಂಟು ಸುಮತಿಯ ಹತ್ತಿರ ಹೊಳೆಯಾಚೆ! ಬೊಮ್ಮಯ್ಯ ತುಂಬ ಸಂಕೋಚದಿಂದ, "ನೀವು ನಂಗೆ ಗುರುಗಳು. ಆದ್ರೆ ರೂಲು ರೂಲೇ. ದುಡ್ಡು ಬರೋ ತನಕ ಹಸ ಇಲ್ಲೇ ಇರ್ಬೇಕಾತದೆ" ಎಂದ. ಅವನು ಹೇಳುವ ಮೊದಲೇ ಕೆಂಪಿ ಒಪ್ಪಿದ್ದಳು. ನಾಕೆಯ ಒಳಗೆ ಯಾವನೋ ವ್ಯಾಪಾರಿ ಸುಂಕ ಕೊಡದೆ ಬಿಟ್ಟುಹೋದ ಹಿಂಡಿಯ ಚೀಲವಿತ್ತು. ಅದರ ವಾಸನೆ ಹಿಡಿದು, ಕೊರಳಲ್ಲಿ ಚೆಂಡುಹೂವಿನ ಮಾಲೆ, ಹಣೆಯಲ್ಲಿ ಕುಂಕುಮ, ಬಲಗಾಲು ಮುಂದಿಟ್ಟು ಕೆಂಪಿ ಜಕಾತಿ ನಾಕೆಯನ್ನು ಪ್ರವೇಶಿಸಿದಳು. ಒಳಗೆ ಹೋದವಳು ಬಾಗಿಲ ಬುಡದಲ್ಲೇ ಸೆಗಣಿಯನ್ನೂ ಹಾಕಿದಳು.

ಮಹಾಗಣಪತಿ ಭಟ್ಟರು ಕಿಸೆಗಡಿಯಾರ ನೋಡಿದರು. ಒಂಬತ್ತೂ ಮೂವತ್ತೊಂದು. ಅವರಿಗೆ ಹನ್ನೊಂದಕ್ಕೆ ಹಳದೀಪುರದಲ್ಲಿ ಒಂದು ಉಪನಯನ ಬೇರೆ ಇತ್ತು.

"ಮಾಸ್ತರೇ, ಪೂರ್ವದ ಬಾಗಿಲು. ಗೋವು ಒಳಗೆ ಹೋತು. ಗೋಮಯವೂ ಆತು. ಮುಹೂರ್ತ ಇನ್ನೂ ಹದಿನೈದು ನಿಮಿಷ ಇದ್ದು. ಎಂತಕ್ಕೆ ತಡ?"

"ಭಟ್ರೇ, ಇದು ಮುನ್ಸಿಪಾಲಿಟಿಯ ನಾಕೆ!"

"ಇರಲಿ. ಸಂಕಲ್ಪ ನಿಮ್ಮ ಹೆಸರಲ್ಲಿ. ಮಂತ್ರ ಇಲ್ಲಿ ಹೇಳಿದ್ರೂ ಫಲ ಅಲ್ಲಿಗೆ ಹೋಗ್ತು. ಮನಿಯಾರ್ಡರು ಹೋಗ್ತಿಲ್ಯ? ಹಾಂಗೇ. ಬನ್ನಿ, ಹಸುವಿನ ಬಾಲ ಹಿಡೀರಿ."

ಈಗ ನೆನಸಿಕೊಂಡರೆ ನಾನು ಯಾಕೆ ಹಿಡಿದೆ ಎಂದು ನನಗೇ ಗೊತ್ತಿಲ್ಲ. ಆರು ತಿಂಗಳು ಮನೆಯಿಲ್ಲದೆ ಹೆಂಡತಿಯನ್ನು ಎಲ್ಲಿಡಲಿ ಎಂಬ ಹೆದರಿಕೆಗೇ ಇರಬೇಕು. ಬಾಲ ಹಿಡಿದೆ. ಹೊಸ್ತಿಲು ದಾಟಿದೆ. ಭಟ್ಟರು ಮಂತ್ರ ಶುರುಮಾಡಿದರು. ಹಾಲು ಉಕ್ಕಿಸಬೇಕಲ್ಲ? ಬೊಮ್ಮಯ್ಯ ಚಹಾಕ್ಕೆಂದು ಇಟ್ಟ ಹಾಲು ಸ್ಟೋವಿನ ಮೇಲಿತ್ತು. ಅದು ಸರಿಯಾದ ಹೊತ್ತಿಗೆ ಉಕ್ಕಿ ಜಕಾತಿಯ ದಫ್ತರದ ಮೇಲೆ ಹರಿಯಿತು. ತಲೆಹೊರೆ ಹೊತ್ತು ಸುಂಕ ಕೊಡಲು ಬಂದ ಹೆಂಗಸರು ಎರಡು ಸಾಲಾಗಿ ನಿಂತು ನೋಡಿದರು. ಒಬ್ಬಳು ಪಕ್ಕದವಳಿಗೆ, "ಮಾಸ್ತರ್ರು ನಾಕೆ ಕೊಂಡ್ಕಂಡ್ರು ಕಾಣ್ತದೆ" ಎಂದಳು. ಬೊಮ್ಮಯ್ಯ ಪಾಪ, ಏನು ಮಾಡಬೇಕೆಂದು ತೋಚದೆ ಅಂಗಿಯ ಗುಂಡಿ ಹಾಕಿಕೊಂಡು ಕೈಮುಗಿದು ನಿಂತ.

ಕೊನೆಗೆ ಆ ಒಂದು ರೂಪಾಯಿ ಕಟ್ಟಿದ್ದು ಯಾರು ಬಲ್ಲಿರಾ? ಮಹಾಗಣಪತಿ ಭಟ್ಟರು! ದಕ್ಷಿಣೆ ತೆಗೆದುಕೊಳ್ಳುವ ಬದಲು ತಾವೇ ಕೊಟ್ಟು ಮನೆಗೆ ಹೋದ ಪುರೋಹಿತರು ನಮ್ಮ ಸೀಮೆಯಲ್ಲಿ ಅವರೊಬ್ಬರೇ ಇರಬೇಕು. ಶಂಖವನ್ನು ಮಾಬ್ಲನಿಂದ ಕೇಳಿ ತೆಗೆದುಕೊಂಡು, ಹೊಳೆಯ ಕಡೆ ತಿರುಗಿ ನೋಡದೆ ಹಳದೀಪುರದ ದಾರಿ ಹಿಡಿದರು.

ಸುಮತಿಗೆ ಹೇಳಿ ಕಳಿಸೋಣವೆಂದರೆ ಸಣ್ಣ ದೋಣಿ ಆಚೆ ದಡದಲ್ಲೇ ಮರಳು ಕಚ್ಚಿತ್ತು. ಅವಳ ಹಸಿರು ಸೀರೆ ಕೆಂಪಿ ಎರಡನೇ ಸಲ ಹಾರುವ ತನಕ ದಡದಲ್ಲಿ ನಿಂತಿತ್ತು. ಭಟ್ಟರ ಮಂತ್ರ ಶುರುವಾಗುವ ಮೊದಲೇ ಗಾಳಿಮರಗಳ ನಡುವೆ ಮರೆಯಾಗಿತ್ತು. ನಾನು ನಾಕೆಯ ಜಗುಲಿಯ ಮೇಲೆ, ಹಿಂಡಿ ತಿಂದು ತೃಪ್ತಳಾದ ಹಸುವಿನ ಪಕ್ಕದಲ್ಲಿ, ಮೂರು ಗಂಟೆಯವರೆಗೆ ಕೂತೆ. ಒಂಬತ್ತು ವರ್ಷ ಕಾದು ಬಳೆ ಬಿಚ್ಚಿಕೊಟ್ಟವಳು ಬೀಗ ಹಾಕಿದ ಬಾಗಿಲ ಮುಂದೆ ಬಿಸಿಲಲ್ಲಿ ನಿಂತಿರುವ ಚಿತ್ರ ಕಣ್ಣಿಂದ ಹೋಗಲೊಲ್ಲದು. ಇಷ್ಟೆಲ್ಲ ಆದದ್ದು ನಾಲ್ಕು ಪಟ್ಟಿ ಉಳಿಸಲು, ಅದೂ ಹಳೇ ಮನೆಯ ಯಜಮಾನರ ಮೇಲೆ ಬಿದ್ದ ಕರಗಳ ಸಿಟ್ಟಿಗೆ. ಬೊಮ್ಮಯ್ಯ ಚಹಾ ಕೊಟ್ಟ.

ಭರತ ಬಂದು ಜಂಗಲ್ ಎದ್ದಾಗ ಕೆಂಪಿ ಯಾರೂ ಹೇಳದೆ ಹಲಗೆ ಹತ್ತಿ, ಕರುವಿದ್ದ ದಿಕ್ಕಿಗೆ ಮುಖ ಮಾಡಿ ನಿಂತಳು. ಹೊಳೆ ದಾಟುವವರೆಗೆ ಕಿವಿ ಸಹ ಅಲ್ಲಾಡಿಸಲಿಲ್ಲ. ನಾನು ಛತ್ರಿಯನ್ನು ನಾಕೆಯಲ್ಲೇ ಬಿಟ್ಟು ಬಂದಿದ್ದೆ.

ಅಪರಾಧಿಯ ಹೆಜ್ಜೆ ಹಾಕುತ್ತ ಮನೆಯ ಹತ್ತಿರ ಹೋದರೆ, ಬಾಗಿಲು ತೆರೆದಿದೆ! ಹೆಂಚಿನ ಸಂದಿನಿಂದ ಹೊಗೆ. ಅಂಗಳಕ್ಕೆ ಸೆಗಣಿ ಸಾರಿಸಿ ರಂಗೋಲಿ ಹಾಕಿದೆ. ಜಗುಲಿಯ ಕಂಬಕ್ಕೆ ಕರು ಕಟ್ಟಿದೆ. ಪಕ್ಕದ ಕೇರಿಯ ಮೀನು ಮಾರುವ ಮಂಜಿ ಖಾಲಿ ಬುಟ್ಟಿ ಕವುಚಿಹಾಕಿ ಅದರ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದಾಳೆ. ಒಳಗಿಂದ ಸುಮತಿ ಸೆರಗಿಗೆ ಕೈ ಒರೆಸುತ್ತ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬಂದ್ರಾ? ಕಾಲು ತೊಳೀರಿ."

ತಂಬಿಗೆಯ ನೀರಿನಿಂದ ಕಾಲು ತೊಳೆದು, ಬಾಯಾರಿದ್ದರಿಂದ ಒಂದು ಗುಟುಕು ಕುಡಿದೆ. ಕುಡಿದದ್ದನ್ನೆಲ್ಲ ಉಗುಳಿದೆ! ಶುದ್ಧ ಸಮುದ್ರ.

"ಅದು ನಿಮ್ಮ ಬಾವಿದು" ಎಂದಳು ಸುಮತಿ. "ಕುಡಿವ ನೀರು ಮಂಜಿ ಮನೆ ಬಾವಿಂದ ತರವು. ಎರಡು ಫರ್ಲಾಂಗು ಇದ್ದು. ನಾಳೆಯಿಂದ ನೀವೇಯಾ."

"ಸುಮತಿ, ಅದು ಇರಲಿ. ನೀನು ಒಳಗೆ ಹ್ಯಾಂಗೆ ಹೋದೆ? ಹಸು..."

ಉತ್ತರ ಕೊಟ್ಟವಳು ಮಂಜಿ. "ಅಮ್ಮ ಇಲ್ಲೇ ಮೆಟ್ಟಿಲ ಮೇಲೆ ಕೂತು ಕಣ್ಣೊರಸ್ಕಂತಾ ಇದ್ರು ಮಾಸ್ತರ್ರೆ. ನಾ ಕೇಳ್ದೆ, ಎಂತಾ ಆತು? ಹಸ ಬರ್ಲಿಲ್ಲ ಅಂದ್ರು. ಕರು ಅದೆ ಅಲ್ವಾ ಅಮ್ಮಾ, ಅದೂ ಗೋವಿನ ಜಾತಿಯೇ ಅಲ್ವಾ, ಆಡಿನ ಜಾತಿ ಅಲ್ಲ ಅಲ್ವಾ ಅಂದೆ!"

"ನಂಗೂ ಹೌದು ಅಂತ ಕಂಡ್ತು" ಎಂದಳು ಸುಮತಿ. "ಬಾಗಿಲು ತೆಗೆದದ್ದೇ ತಡ, ಕರು ತಾನೇ ಒಳಗೆ ಓಡ್ತು. ಅದರ ಹಿಂದೆ ಆನು ಹೋದೆ. ಮಂಜಿ ಒಂದು ಲೋಟ ಹಾಲು ತಂದ್ಲು, ಉಕ್ಕಿಸ್ದೆ. ನಂಗೆ ಬಪ್ಪ ಎರಡು ಶ್ಲೋಕ ಹೇಳ್ದೆ. ಆತು. ಮುಹೂರ್ತ ತಪ್ಪಿದ್ದಿಲ್ಲೆ. ನಿಮ್ಮದೆಂತ ಆತು ಹೇಳಿ. ಅಷ್ಟು ಹೊತ್ತು ಆ ದಡದಲ್ಲಿ ಎಂತ ಮಾಡ್ತಾ ಇದ್ರಿ?"

ಹೇಳಲೇಬೇಕಾಯಿತು. ಶಂಖ ಹೇಳಿದೆ, ಛತ್ರಿ ಹೇಳಿದೆ, ಐದು ಪೈಸೆಯ ಪಾಸು ಬೇಡವೆಂದದ್ದನ್ನು ಸಣ್ಣ ದನಿಯಲ್ಲಿ ಹೇಳಿದೆ. ಕೊನೆಗೆ, ಹಸುವಿನ ಬಾಲ ಹಿಡಿದು ಜಕಾತಿ ನಾಕೆಗೆ ಗೃಹಪ್ರವೇಶ ಮಾಡಿದ್ದನ್ನೂ ಹೇಳಿದೆ.

ಸುಮತಿ ಮೊದಲು ಬಾಯಿಗೆ ಸೆರಗು ಹಿಡಿದಳು. ಆಮೇಲೆ ಅದೂ ಸಾಲದೆ ಕಂಬ ಹಿಡಿದಳು. ಒಂಬತ್ತು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಗೋದಾಮಿನ ಬೆನ್ನಿನ ಆ ಕತ್ತಲೆ ಮನೆಯಲ್ಲಿ ಅಷ್ಟು ದೊಡ್ಡ ನಗೆಗೆ ಜಾಗವೂ ಇರಲಿಲ್ಲವೇನೋ. ಅವಳು ನಗುವುದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಮಂಜಿ ನೋಡುತ್ತಾಳೆಂದು ಉಪ್ಪುನೀರಿನ ಮೇಲೆ ತಪ್ಪು ಹೊರಿಸಿದೆ.

ಅವಳು ಉಸಿರು ಹಿಡಿದು ಹೇಳಿದಳು, "ಹಂಗಾದ್ರೆ ಶಾಸ್ತ್ರ ಪ್ರಕಾರ ನಿಮ್ಮ ಮನೆ ಅದೇಯಾ. ಇದು ನಂದು. ಅಡ್ಡಿಲ್ಲೆ, ನೆಂಟರ ಹಾಂಗೆ ಒಳಗೆ ಬನ್ನಿ. ಪಾಯಸ ಇದ್ದು."

ನೆಂಟನಾಗಿಯೇ ಒಳಗೆ ಹೋಗಿ ಉಂಡೆ. ಆ ಪಾಯಸದ ರುಚಿಯನ್ನು ನಾನು ಮರೆತಿಲ್ಲ.

ಆ ಮನೆಯಲ್ಲಿ ಹದಿನೇಳು ವರ್ಷ ಇದ್ದೆವು. ನಾನು ಪೇಟೆಯಲ್ಲಿ ಬೈದ ಪ್ರತಿಯೊಂದು ಪಟ್ಟಿಯನ್ನೂ ಅಲ್ಲಿ ಮೈಯಿಂದ ತೀರಿಸಿದೆ. ನೀರುಪಟ್ಟಿಯ ಬದಲು ದಿನಾ ಬೆಳಿಗ್ಗೆ ಎರಡು ಕೊಡ ಹೊತ್ತೆ. ದೀಪಪಟ್ಟಿ ತಪ್ಪಿಸಿದ್ದಕ್ಕೆ ಅಮಾವಾಸ್ಯೆಯಂದು ಗಾಳಿಮರಗಳಿಗೆಲ್ಲ ಹಣೆ ಕುಟ್ಟಿದೆ. ಝಾಡುಪಟ್ಟಿ ಉಳಿಸಿದ್ದಕ್ಕೆ, ಗಾಳಿ ದಿನಾ ತಂದು ಸುರಿದ ಮರಳನ್ನು ಜಗುಲಿಯಿಂದ ಗುಡಿಸಿದೆ. ಅದು ಮರುದಿನ ಮತ್ತೆ ಬಂದಿರುತ್ತಿತ್ತು. ತಾರಿಯ ಹಣ ಎಷ್ಟಾಯಿತೆಂದು ಲೆಕ್ಕದ ಮಾಸ್ತರನಾದ ನಾನು ಒಂದು ಸಲವೂ ಕೂಡಿಸಿ ನೋಡಲಿಲ್ಲ. ಹೆದರಿಕೆಗೆ!

ಆದರೂ, ಏನು ಹೇಳಲಿ, ಅಂಥ ದಿನಗಳು ಮತ್ತೆ ಬರಲಿಲ್ಲ. ಸಂಜೆ ಶಾಲೆ ಬಿಟ್ಟು ಮಾಬ್ಲನ ದೋಣಿಯ ಅಂಚಿನಲ್ಲಿ ಕೂತು, ಹೊಳೆಯ ನೀರಿಗೆ ಬೆರಳು ಅದ್ದಿಕೊಂಡು ಮನೆಗೆ ಹೋಗುವ ಸುಖ ಯಾವ ಬಸ್ಸಿನಲ್ಲಿದೆ? ಈಗ ಹೊಳೆಗೆ ಸೇತುವೆ ಇದೆ, ತಾರಿ ಇಲ್ಲ. ಜಕಾತಿಯನ್ನೂ ತೆಗೆದುಹಾಕಿದರು. ನಾಕೆಯ ಕೆಂಪುಕಲ್ಲುಗಳನ್ನು ಯಾರು ಒಯ್ದರೋ ಗೊತ್ತಿಲ್ಲ. ಮಾಬ್ಲನೂ ಹೋದ, ಕೆಂಪಿಯೂ ಹೋದಳು. ಸೇತುವೆಯ ಮೇಲೆ ಹೋಗುವಾಗಲೆಲ್ಲ ನಾನು ಕಿಟಕಿಯಿಂದ ಕೆಳಗೆ ನೋಡುತ್ತೇನೆ. ಸುಮತಿ ಪಕ್ಕದಲ್ಲಿ ಕೂತು, ನಾನು ಏನು ನೋಡುತ್ತಿದ್ದೇನೆಂದು ಗೊತ್ತಿದ್ದೂ ಕೇಳುವುದಿಲ್ಲ.

ಅಂದಹಾಗೆ, ಅಷ್ಟೆಲ್ಲ ಪಾಡುಪಟ್ಟು ಗಳಿಸಿದ ಆ ಒಂದೂವರೆ ರೂಪಾಯಿಯ ಘರಪಟ್ಟಿಯ ಕಥೆ ಹೇಳಲಿಲ್ಲ. ಗೃಹಪ್ರವೇಶವಾಗಿ ಎಂಟು ದಿನಕ್ಕೆ ಪಂಚಾಯತಿಯ ಗುಮಾಸ್ತರು ಬಗಲಲ್ಲಿ ಉದ್ದದ ಪುಸ್ತಕ ಹಿಡಿದು ಬಂದರು. ನಾನು ಹೊಸ ಪಂಚೆ ಉಟ್ಟು ಜಗುಲಿಯ ಮೇಲೆ ಕೂತಿದ್ದೆ. ಮನೆಯ ಯಜಮಾನ ಎಂದು ಬರೆಸಿಕೊಳ್ಳುವ ಗಳಿಗೆ! ಗಂಟಲು ಸರಿಮಾಡಿಕೊಂಡೆ.

"ಮನೆ ಯಾರ ಹೆಸರಿಗೆ ಬರ್ಕಳ್ಳಲಿ?" ಎಂದು ಅವರು ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ಸುಮತಿ ಬಾಗಿಲಿಗೆ ಬಂದಳು.

"ನನ್ನ ಹೆಸರು ಬರೀರಿ. ಸುಮತಿ."

ಗುಮಾಸ್ತರು ಪೆನ್ಸಿಲು ಎತ್ತಿ ಹಿಡಿದು ನನ್ನ ಕಡೆ ನೋಡಿದರು. ಅವಳ ಬರಿಗೈ ಬಾಗಿಲ ಚೌಕಟ್ಟಿನ ಮೇಲಿತ್ತು. ನಾನು ಹೌದೆಂದು ತಲೆಯಾಡಿಸಿದೆ.

"ಮತ್ತೆ ಇವರು?" ಎಂದರು ಗುಮಾಸ್ತರು.

ಸುಮತಿ ಒಂದಿಷ್ಟೂ ನಗದೆ ಹೇಳಿದಳು:

"ಇವ್ರಾ? ಇವ್ರು ಪೇಟೆಯವ್ರು. ಬಂದು ಹೋಗಿ ಮಾಡ್ತಾರೆ."